ಸ್ನಾನಗೃಹದ ಗಾಜಿನ ಜಾರುಬಾಗಿಲು: ಆಯ್ಕೆಯೂ ಆರೋಗ್ಯವೂ

ಮನೆಯೊಳಗೆ ನಮ್ಮ ಆರೋಗ್ಯವನ್ನು ಕಾಯುವ ಸ್ಥಳಗಳು ಮುಖ್ಯವಾಗಿ ಎರಡು: ಒಂದು ಅಡಿಗೆಮನೆ, ಇನ್ನೊಂದು ಬಚ್ಚಲುಮನೆ. ಯಾವ ಎಣ್ಣೆ ಒಳ್ಳೆಯದು, ಉಪ್ಪು ಎಷ್ಟಿರಬೇಕು ಎಂದು ವೈದ್ಯರನ್ನು ಕೇಳಿ ತಿಳಿಯುವ ನಾವು, ಬಚ್ಚಲುಮನೆಯ ಮಾತು ಬಂದಾಗ ಮಾತ್ರ ಟೈಲ್ಸಿನ ಬಣ್ಣ, ನಲ್ಲಿಯ ಹೊಳಪುಗಳಲ್ಲೇ ತೃಪ್ತರಾಗುತ್ತೇವೆ. ಆದರೆ ಮನೆಯಲ್ಲಿ ವೃದ್ಧರು ಬೀಳುವುದು, ಮಕ್ಕಳಿಗೆ ಗಾಯವಾಗುವುದು, ಉಸಿರುಕಟ್ಟುವುದು ಮೊದಲಾದ ಅನಾಹುತಗಳಿಗೆ ಬಚ್ಚಲುಮನೆಯೇ ಬಹುಸಲ ರಂಗಸ್ಥಳವಾಗುತ್ತದೆ. ಆದುದರಿಂದ ಅಲ್ಲಿ ಕೂರಿಸುವ ಒಂದು ಬಾಗಿಲಿನ ಆಯ್ಕೆಯೂ ಆರೋಗ್ಯದ ವಿಷಯವೇ ಆಗಿದೆ.

ಮುಂಬಯಿಯ ಮಟ್ಟಿಗೆ ಸ್ನಾನದ ಸ್ಥಳಕ್ಕೆ ತನ್ನದೇ ಆದ ಇತಿಹಾಸವಿದೆ. ಲಾಲ್‌ಬಾಗ್, ಪರೇಲ್, ಗಿರಗಾಂವ್‌ಗಳ ಚಾಳುಗಳಲ್ಲಿ ಒಂದೇ ಕೋಣೆಯ ಮೂಲೆಯಲ್ಲಿ ಗೇಣೆತ್ತರದ ಕಟ್ಟೆ ಕಟ್ಟಿದ 'ಮೋರಿ'ಯೇ ಸ್ನಾನಕ್ಕೂ ಪಾತ್ರೆ ತೊಳೆಯುವುದಕ್ಕೂ ಆಸರೆಯಾಗಿತ್ತು. ಹೋಟೆಲು, ಗಿರಣಿ, ಕಚೇರಿಗಳ ಉದ್ಯೋಗವನ್ನರಸಿ ಬಂದ ನಮ್ಮವರಲ್ಲಿ ಅನೇಕರು ಆ ಮೋರಿಯ ಮುಂದೆ ಹಳೆಯ ಸೀರೆಯದೊಂದು ತೆರೆ ಕಟ್ಟಿಕೊಂಡು ಸ್ನಾನ ಮಾಡಿದವರೇ. ಇಂದು ಅವರ ಮಕ್ಕಳು, ಮೊಮ್ಮಕ್ಕಳು ಮಾಟುಂಗ, ಚೆಂಬೂರು, ಘಾಟ್‌ಕೋಪರ್, ಬೋರಿವಿಲಿ, ಠಾಣೆ, ಡೊಂಬಿವಿಲಿ, ನವಿ ಮುಂಬಯಿಗಳ ಬಹುಮಹಡಿ ಕಟ್ಟಡಗಳಲ್ಲಿ ನೆಲೆಸಿದ್ದಾರೆ. ಹಳೆಯ ಕಟ್ಟಡಗಳು ಪುನರ್ನಿರ್ಮಾಣಗೊಂಡಾಗ, ಅಥವಾ ಹಳೆಯ ಮನೆಗೆ ಹೊಸ ರೂಪ ಕೊಡಲು ಹೊರಟಾಗ, ಗುತ್ತಿಗೆದಾರನು ಮುಂದಿಡುವ ಸಲಹೆಗಳಲ್ಲಿ ಚೌಕಟ್ಟಿಲ್ಲದ ಗಾಜಿನ ಜಾರುಬಾಗಿಲು ಈಗ ಸಾಮಾನ್ಯವಾಗಿದೆ. ಒಂದು ಕಾಲದ ಸೀರೆಯ ತೆರೆಯ ಸ್ಥಾನವನ್ನು ಗಾಜಿನ ತೆರೆ ಆಕ್ರಮಿಸಿದೆ ಎನ್ನಬಹುದು.

ಈ ಬಾಗಿಲಿನ ರಚನೆ ಸರಳವಾದುದು. ಷವರಿನ ಸ್ಥಳವನ್ನು ಉಳಿದ ಬಚ್ಚಲಿನಿಂದ ಬೇರ್ಪಡಿಸಲು ಎರಡು ಗಾಜಿನ ಹಲಗೆಗಳಿರುತ್ತವೆ. ಒಂದನ್ನು ಗೋಡೆಗೂ ನೆಲಕ್ಕೂ ಲೋಹದ ಹಿಡಿಕೆಗಳಿಂದ ಸ್ಥಿರವಾಗಿ ನಿಲ್ಲಿಸುತ್ತಾರೆ. ಇನ್ನೊಂದು, ಮೇಲೆ ಅಡ್ಡಲಾಗಿ ಹಾಯ್ದ ಉಕ್ಕಿನ ಸರಳಿನಿಂದ ಗಾಲಿಗಳ ಮೂಲಕ ತೂಗಿಕೊಂಡು, ಮೊದಲನೆಯದರ ಪಕ್ಕಕ್ಕೆ ಸರಿಯುತ್ತದೆ. ಗಾಜಿನ ಸುತ್ತ ಅಲ್ಯೂಮಿನಿಯಮ್ ಚೌಕಟ್ಟು ಇರುವುದಿಲ್ಲ. ನೋಟಕ್ಕೆ ಹಗುರ, ಕಸ ಕೂಡುವ ಸಂದುಗಳು ಕಡಮೆ. ಆದರೆ ಚೌಕಟ್ಟು ಹೊರಬೇಕಾಗಿದ್ದ ಭಾರವನ್ನೂ ತಡೆಯಬೇಕಾಗಿದ್ದ ಪೆಟ್ಟನ್ನೂ ಗಾಜೇ ಹೊರಬೇಕು, ಗಾಜೇ ತಡೆಯಬೇಕು. ಈ ಮಾತನ್ನು ಮರೆಯದಿದ್ದರೆ ಮುಂದಿನ ಎಲ್ಲ ವಿಚಾರಗಳೂ ಸುಲಭವಾಗಿ ಅರ್ಥವಾಗುತ್ತವೆ.

ಈ ಲೇಖನದ ತಾತ್ಪರ್ಯವನ್ನು ಮೊದಲೇ ಹೇಳಿಬಿಡುವುದು ಒಳಿತು. ಬಾಗಿಲನ್ನು ಅಂಗಡಿಯಲ್ಲಿ ಅದರ ಅಂದವನ್ನು ಕಂಡು ಆರಿಸಬಾರದು. ಮನೆಯಲ್ಲಿರುವ ಅತ್ಯಂತ ಅಶಕ್ತ ವ್ಯಕ್ತಿ ಒಂದು ದಿನ ಅದರ ಒಳಗೆ ಜಾರಿ ಬಿದ್ದರೆ ನಾವು ಹೇಗೆ ಒಳಹೋಗಿ ಎತ್ತುವೆವು ಎಂಬುದನ್ನು ಯೋಚಿಸಿ ಆರಿಸಬೇಕು.

ಗಾಜಿನ ತೆರೆಯಿಂದ ಪ್ರಯೋಜನವೇನು?

ನಮ್ಮ ಬಚ್ಚಲುಗಳಲ್ಲಿ ಸ್ನಾನ, ಶೌಚ, ಕೈತೊಳೆಯುವಿಕೆ ಎಲ್ಲವೂ ಒಂದೇ ನೆಲದ ಮೇಲೆ ನಡೆಯುತ್ತವೆ. ಒಬ್ಬರು ಸ್ನಾನ ಮಾಡಿದರೆ ಇಡೀ ನೆಲ ಒದ್ದೆ. ರಾತ್ರಿಯಲ್ಲಿ ಮೂತ್ರಕ್ಕೆಂದು ಎದ್ದು ಬರುವ ವೃದ್ಧರು ನಿದ್ದೆಗಣ್ಣಿನಲ್ಲಿ ಆ ಒದ್ದೆ ನೆಲದ ಮೇಲೆ ಕಾಲಿಡುತ್ತಾರೆ. ಒದ್ದೆಯ ಭಾಗವನ್ನೂ ಒಣ ಭಾಗವನ್ನೂ ಬೇರ್ಪಡಿಸುವುದೇ ಗಾಜಿನ ತೆರೆಯ ಮುಖ್ಯ ಉಪಕಾರ. ಉಳಿದುದೆಲ್ಲವೂ ಅಲಂಕಾರ.

ಬೀಳುವಿಕೆ ಸಣ್ಣ ಸಂಗತಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 6,84,000 ಮಂದಿ ಬಿದ್ದು ಸಾಯುತ್ತಾರೆ. ಇವರಲ್ಲಿ 60 ವರ್ಷ ದಾಟಿದವರ ಸಂಖ್ಯೆಯೇ ಹೆಚ್ಚು. ಎಲುಬು ಸವೆದ ವಯಸ್ಸಿನಲ್ಲಿ ತೊಡೆಯೆಲುಬಿನ ಮೇಲ್ಭಾಗ ಮುರಿದರೆ ಹಾಸಿಗೆ ಹಿಡಿಯಬೇಕಾಗುತ್ತದೆ. ಹಾಸಿಗೆ ಹಿಡಿದವರಿಗೆ ನ್ಯುಮೋನಿಯ, ಬೆನ್ನುಹುಣ್ಣು, ರಕ್ತ ಹೆಪ್ಪುಗಟ್ಟುವಿಕೆಗಳ ಭಯ. ಬಿಸಿನೀರಿನ ಸ್ನಾನದಿಂದ ಚರ್ಮದ ರಕ್ತನಾಳಗಳು ಹಿಗ್ಗಿ ರಕ್ತದ ಒತ್ತಡ ತಗ್ಗುತ್ತದೆ. ರಕ್ತದೊತ್ತಡಕ್ಕೆ ಮಾತ್ರೆ ಸೇವಿಸುವವರು ಮಣೆಯಿಂದ ಫಕ್ಕನೆ ಎದ್ದಾಗ ತಲೆಸುತ್ತು ಬರುವುದು ಇದರಿಂದಲೇ. ಇದರ ಜೊತೆಗೆ ನಮ್ಮ ಅಭ್ಯಂಜನದ ಸಂಪ್ರದಾಯವಿದೆ. ನರಕಚತುರ್ದಶಿಯಂದಾಗಲಿ ವಾರದ ಎಣ್ಣೆಸ್ನಾನದಂದಾಗಲಿ ಎಣ್ಣೆ, ಸೀಗೆಪುಡಿ, ಸಾಬೂನು ಮೂರೂ ಸೇರಿದ ನೆಲ ಎಂತಹ ಗಟ್ಟಿಗನನ್ನೂ ಉರುಳಿಸಬಲ್ಲುದು. ಊರಿನ ಬಚ್ಚಲಿನಲ್ಲಿ ಒರಟು ಕಲ್ಲಿನ ಹಾಸಿತ್ತು. ಇಲ್ಲಿ ಪಾಲಿಷು ಮಾಡಿದ ಟೈಲ್ಸು. ಆದಕಾರಣ ಗಾಜಿನ ಬಾಗಿಲಿಗಿಂತಲೂ ಮೊದಲು ಕೊಳ್ಳಬೇಕಾದುದು ಕಾಲು ಜಾರದ ಒರಟು ಟೈಲ್ಸು, ಮತ್ತು ಗೋಡೆಗೆ ಬಿಗಿದ ಗಟ್ಟಿಯಾದ ಹಿಡಿಸರಳು. ಹಣ ಸಾಲದಿದ್ದರೆ ಈ ಎರಡನ್ನು ಮಾಡಿ ಗಾಜನ್ನು ಬಿಡಬಹುದು. ಗಾಜನ್ನು ಮಾಡಿ ಈ ಎರಡನ್ನು ಬಿಡಲಾಗದು.

ಸ್ಥಳದ ಲೆಕ್ಕ

ರಾಷ್ಟ್ರೀಯ ಕಟ್ಟಡ ಸಂಹಿತೆಯು ಶೌಚವೂ ಕೂಡಿದ ಬಚ್ಚಲಿಗೆ ಕನಿಷ್ಠ 2.8 ಚದರ ಮೀಟರ್ ವಿಸ್ತೀರ್ಣವನ್ನೂ 1.2 ಮೀಟರ್ ಅಗಲವನ್ನೂ ಹೇಳುತ್ತದೆ. ಮುಂಬಯಿಯ ಹಳೆಯ ಮನೆಗಳಲ್ಲಿ ಅಷ್ಟೂ ಇರುವುದಿಲ್ಲ. ಇಂತಹ ಇಕ್ಕಟ್ಟಿನಲ್ಲಿ ತಿರುಗಣಿಯ ಮೇಲೆ ತೆರೆಯುವ ಬಾಗಿಲು ಹೊರಕ್ಕೆ ತೆರೆದರೆ ಕಮೋಡಿಗೆ ತಾಗುತ್ತದೆ. ಒಳಕ್ಕೆ ತೆರೆಯುವುದಾದರೆ ಅದಕ್ಕಿಂತ ದೊಡ್ಡ ಅಪಾಯವುಂಟು: ಒಳಗೆ ಬಿದ್ದವರ ದೇಹವೇ ಬಾಗಿಲಿಗೆ ಅಡ್ಡವಾಗಿ, ಹೊರಗಿನವರು ತಳ್ಳಿದಷ್ಟೂ ಅವರಿಗೇ ನೋವಾಗುತ್ತದೆ. ಜಾರುಬಾಗಿಲು ಒಳಕ್ಕೂ ಬಾರದು, ಹೊರಕ್ಕೂ ಬಾರದು, ಪಕ್ಕಕ್ಕೆ ಸರಿಯುತ್ತದೆ. ಇದೇ ಅದರ ನಿಜವಾದ ಹಿರಿಮೆ.

ಆದರೆ ಈ ಹಿರಿಮೆಗೆ ಬೆಲೆಯೂ ಇದೆ. ಜಾರುಬಾಗಿಲು ಎಂದಿಗೂ ಪೂರ್ತಿ ಅಗಲಕ್ಕೆ ತೆರೆಯುವುದಿಲ್ಲ. ಅರ್ಧ ಭಾಗವನ್ನು ಸ್ಥಿರವಾದ ಗಾಜು ಆಕ್ರಮಿಸಿರುತ್ತದೆ. ಷವರಿನ ಭಾಗದ ಅಗಲ 120 ಸೆಂ.ಮೀ. ಎಂದಿಟ್ಟುಕೊಳ್ಳೋಣ. ಎರಡು ಗಾಜುಗಳು ಒಂದರ ಮೇಲೊಂದು 5 ಸೆಂ.ಮೀ. ಹಾಯಬೇಕಾದುದರಿಂದ ಒಂದೊಂದೂ ಸುಮಾರು 62 ಸೆಂ.ಮೀ. ಇರುತ್ತದೆ. ಹಿಡಿ ಮತ್ತು ತಡೆಗಳನ್ನು ಕಳೆದರೆ ಒಳಹೋಗಲು ಉಳಿಯುವ ದಾರಿ 50ರಿಂದ 55 ಸೆಂ.ಮೀ. ಮಾತ್ರ. 150 ಸೆಂ.ಮೀ. ಅಗಲವಿದ್ದರೆ ದಾರಿ ಸುಮಾರು 65ರಿಂದ 70 ಸೆಂ.ಮೀ. ಆಗುತ್ತದೆ. ಆರೋಗ್ಯವಂತನಾದ ತರುಣನಿಗೆ 50 ಸೆಂ.ಮೀ. ಸಾಕು. ಒಬ್ಬರನ್ನು ತೋಳು ಹಿಡಿದು ಒಳಗೆ ಕರೆದೊಯ್ಯಬೇಕಾದಾಗ, ಅಥವಾ ಸ್ನಾನದ ಕುರ್ಚಿಯನ್ನು ಒಳಗಿಡಬೇಕಾದಾಗ ಅದು ಸಾಲದು. ಗಾಲಿಕುರ್ಚಿಗೆ 90 ಸೆಂ.ಮೀ. ದಾರಿ ಬೇಕು.

ಆದುದರಿಂದ ನಿಯಮ ಹೀಗಿರಲಿ: ಅಗಲ 120 ಸೆಂ.ಮೀ.ಗಿಂತ ಕಡಮೆಯಿರುವೆಡೆ ಜಾರುಬಾಗಿಲಿನ ಗೋಜಿಗೆ ಹೋಗಬಾರದು. ಅಂತಹ ಕಡೆ ನೀರು ಚಿಮ್ಮುವ ಪಕ್ಕದಲ್ಲಿ ಒಂದೇ ಒಂದು ಸ್ಥಿರವಾದ ಗಾಜನ್ನು ನಿಲ್ಲಿಸಿ ಉಳಿದ ದಾರಿಯನ್ನು ತೆರೆದಿಡುವುದು, ಇಲ್ಲವೇ ನೀರು ಹೀರದ ಬಟ್ಟೆಯ ಪರದೆಯನ್ನು ಕಟ್ಟುವುದು ಜಾಣತನ. ಪರದೆ ಬಡತನದ ಗುರುತಲ್ಲ. ಶಯ್ಯೆ ಹಿಡಿದ ತಂದೆತಾಯಿಯರಿರುವ ಮನೆಗೆ ಅದಕ್ಕಿಂತ ಅನುಕೂಲವಾದ ಬಾಗಿಲು ಇನ್ನೊಂದಿಲ್ಲ.

ಮುಂಬಯಿಯಲ್ಲಿ ಇನ್ನೊಂದು ವಿಶೇಷವುಂಟು. ಅನೇಕ ಸೊಸೈಟಿಗಳಲ್ಲಿ ನೀರು ಹೊತ್ತುಗೊತ್ತಿಗೆ ಮಾತ್ರ ಬರುತ್ತದೆ. ಬೇಸಗೆಯಲ್ಲಿ ಕಡಿತವೂ ಇರುತ್ತದೆ. ಷವರು ಇದ್ದರೂ ಬಕೆಟ್ಟು, ತಂಬಿಗೆಯ ಸ್ನಾನ ತಪ್ಪುವುದಿಲ್ಲ. ಒಳಗೆ ಒಂದು ಬಕೆಟ್ಟು, ಒಂದು ಮಣೆ, ಕುಳಿತ ಮನುಷ್ಯ ಈ ಮೂರಕ್ಕೂ ಕನಿಷ್ಠ 90 ಸೆಂ.ಮೀ. ಚೌಕದ ಜಾಗ ಬೇಕು. ಉಕ್ಕಿನ ಅಥವಾ ಹಿತ್ತಾಳೆಯ ಬಕೆಟ್ಟಿನ ಅಂಚು ಗಾಜಿನ ಕೆಳ ಅಂಚಿಗೆ ಬಡಿಯುವುದು ಅಪಾಯಕರ. ಗಾಜಿನ ತೆರೆಯ ಒಳಗೆ ಪ್ಲಾಸ್ಟಿಕ್ ಬಕೆಟ್ಟನ್ನೇ ಇಡತಕ್ಕದ್ದು.

ಗಾಜಿನ ಗುಣ

ಸಾಮಾನ್ಯ ಗಾಜು ಒಡೆದರೆ ಕತ್ತಿಯಂತಹ ಚೂರುಗಳಾಗುತ್ತದೆ. ಬರಿಮೈಯಲ್ಲಿ, ಬರಿಗಾಲಲ್ಲಿ ಇರುವವರ ಪಕ್ಕದಲ್ಲಿ ಅಂತಹ ಗಾಜಿಗೆ ಸ್ಥಳವೇ ಇಲ್ಲ. ಸ್ನಾನಗೃಹಕ್ಕೆ ಬೇಕಾದುದು ಹದಗೊಳಿಸಿದ ಗಾಜು. ಪೇಟೆಯಲ್ಲಿ ಇದನ್ನು ಟಫನ್ಡ್ ಗ್ಲಾಸ್ ಎನ್ನುತ್ತಾರೆ. ಗಾಜನ್ನು 600 ಡಿಗ್ರಿ ಸೆಲ್ಸಿಯಸ್ಸಿಗೂ ಮೇಲೆ ಕಾಯಿಸಿ, ಎರಡು ಮೈಗಳ ಮೇಲೂ ರಭಸದಿಂದ ತಂಗಾಳಿಯನ್ನು ಊದುತ್ತಾರೆ. ಹೊರಮೈ ಮೊದಲು ಗಟ್ಟಿಯಾಗುತ್ತದೆ. ಒಳಭಾಗ ಆಮೇಲೆ ತಣಿದು ಕುಗ್ಗುವಾಗ ಹೊರಮೈಯನ್ನು ಬಿಗಿಯಾಗಿ ಒಳಕ್ಕೆಳೆಯುತ್ತದೆ. ಈ ಬಿಗಿತವೇ ಅದರ ಬಲ. ಸಾಮಾನ್ಯ ಗಾಜಿಗಿಂತ ಅದು ಸುಮಾರು ನಾಲ್ಕು ಪಟ್ಟು ಗಟ್ಟಿ. ಒಡೆದಾಗ ಕಲ್ಲುಸಕ್ಕರೆಯ ಹರಳುಗಳಂತೆ ಸಣ್ಣ ಮೊಂಡು ತುಣುಕುಗಳಾಗಿ ಉದುರುತ್ತದೆ. ಕಾದ ಗಾಜನ್ನು ಬಿಸಿ ಎಣ್ಣೆಯಲ್ಲಿ ಅದ್ದಿ ಗಟ್ಟಿಮಾಡುವ ವಿಧಾನಕ್ಕೆ ಫ್ರಾನ್ಸಿನ ಡಿ ಲಾ ಬಾಸ್ತಿ ಎಂಬವರು 1874ರಲ್ಲೇ ಹಕ್ಕುಪತ್ರ ಪಡೆದಿದ್ದರು. ಗಾಳಿಯ ವಿಧಾನ ಆಮೇಲಿನದು.

ಇದರಿಂದ ಗೃಹಸ್ಥರು ತಿಳಿಯಬೇಕಾದ ಮೂರು ಸಂಗತಿಗಳಿವೆ.

ಮೊದಲನೆಯದು: ಹದಗೊಳಿಸಿದ ಮೇಲೆ ಗಾಜನ್ನು ಕತ್ತರಿಸಲಾಗದು, ತೂತು ಕೊರೆಯಲಾಗದು. ಆದುದರಿಂದ ಟೈಲ್ಸಿನ ಕೆಲಸವೆಲ್ಲ ಮುಗಿದ ಮೇಲೆಯೇ ಅಳತೆ ತೆಗೆಯಬೇಕು. ಅಗಲವನ್ನು ಕೆಳಗೆ, ನಡುವೆ, ಮೇಲೆ ಹೀಗೆ ಮೂರು ಕಡೆ ಅಳೆಯಬೇಕು. ನಮ್ಮ ಕಟ್ಟಡಗಳ ಗೋಡೆಗಳು ಕಣ್ಣಿಗೆ ನೇರವಾಗಿ ಕಂಡರೂ ತೂಗುಗುಂಡು ಹಿಡಿದಾಗ ಒಂದೆರಡು ಸೆಂ.ಮೀ. ವಾಲಿರುವುದು ಅಪೂರ್ವವಲ್ಲ.

ಎರಡನೆಯದು: ಈ ಗಾಜಿನ ಮೈ ಗಟ್ಟಿ, ಅಂಚು ಮೆದು. ಮುಷ್ಟಿಯಿಂದ ಗುದ್ದಿದರೂ ಒಡೆಯದ ಗಾಜು, ಅಂಚಿಗೆ ಟೈಲ್ಸಿನ ಮೂಲೆ ತಾಗಿದರೆ ಪುಡಿಯಾಗಬಹುದು. ಲೋಹವೂ ಗಾಜೂ ನೇರವಾಗಿ ತಾಗುವ ಕಡೆಗಳಲ್ಲೆಲ್ಲ ರಬ್ಬರಿನ ಅಥವಾ ನೈಲಾನಿನ ಮೆತ್ತೆ ಇರಲೇಬೇಕು.

ಮೂರನೆಯದು: ಬಹು ಅಪೂರ್ವವಾಗಿ ಇಂತಹ ಗಾಜು ಯಾರೂ ಮುಟ್ಟದಿದ್ದರೂ ತಾನಾಗಿ ಸಿಡಿಯುವುದುಂಟು. ಗಾಜಿನೊಳಗೆ ಸೇರಿಕೊಂಡ ನಿಕೆಲ್ ಸಲ್ಫೈಡಿನ ಕಣ್ಣಿಗೆ ಕಾಣದ ಕಣವೊಂದು ಕಾಲಕ್ರಮದಲ್ಲಿ ಹಿಗ್ಗುವುದು ಇದರ ಒಂದು ಕಾರಣ. ಹಳೆಯ ಅಂಚಿನ ಗಾಯ ಇನ್ನೊಂದು. ಕಾರಖಾನೆಯಲ್ಲಿಯೇ ಗಾಜನ್ನು ಮತ್ತೆ ಹಲವು ಗಂಟೆ ಬಿಸಿಯಲ್ಲಿಟ್ಟು ದೋಷವಿದ್ದವನ್ನು ಅಲ್ಲಿಯೇ ಒಡೆಯಗೊಡುವ 'ಹೀಟ್ ಸೋಕ್' ಪರೀಕ್ಷೆಯಿದೆ. ಅದು ಅಪಾಯವನ್ನು ಬಹಳ ಮಟ್ಟಿಗೆ ತಗ್ಗಿಸುತ್ತದೆ, ಪೂರ್ತಿ ಅಳಿಸುವುದಿಲ್ಲ. ಚಿಕ್ಕ ಮಕ್ಕಳೂ ವೃದ್ಧರೂ ಇರುವ ಮನೆಗಳಲ್ಲಿ ಗಾಜಿನ ಮೇಲೆ ಪಾರದರ್ಶಕ ರಕ್ಷಣಾ ಹಾಳೆಯನ್ನು ಅಂಟಿಸಿದರೆ, ಒಡೆದ ತುಣುಕುಗಳು ಮೈಮೇಲೆ ಸುರಿಯದೆ ಹಾಳೆಗೆ ಅಂಟಿಕೊಳ್ಳುತ್ತವೆ. ಎರಡು ಗಾಜುಗಳ ನಡುವೆ ಪದರವಿಟ್ಟ ಲ್ಯಾಮಿನೇಟೆಡ್ ಗಾಜು ಇನ್ನೂ ಕ್ಷೇಮಕರ, ಆದರೆ ದುಬಾರಿ. ಅದರ ಕಥೆ ಸ್ವಾರಸ್ಯಕರ: 1903ರಲ್ಲಿ ಫ್ರೆಂಚ್ ರಸಾಯನಶಾಸ್ತ್ರಜ್ಞ ಎದ್ವಾರ್ ಬೆನೆಡಿಕ್ಟಸ್ ಎಂಬವರ ಕೈಜಾರಿ ಬಿದ್ದ ಬುರುಡೆ ಬಿರಿದರೂ ಚೂರಾಗಲಿಲ್ಲ. ಒಳಗೆ ಒಣಗಿದ್ದ ಸೆಲ್ಯುಲೋಸ್ ನೈಟ್ರೇಟಿನ ಪೊರೆ ಚೂರುಗಳನ್ನು ಹಿಡಿದಿಟ್ಟಿತ್ತು.

ದಪ್ಪದ ವಿಷಯ: ಬಾಗಿಲಿಗೆ 8 ಮಿ.ಮೀ. ಸಾಮಾನ್ಯವಾಗಿ ಸಾಕು, ದೊಡ್ಡ ಹಲಗೆಗೆ 10 ಮಿ.ಮೀ. ಬಳಸುತ್ತಾರೆ. ಗಾಜಿನ ತೂಕವನ್ನು ಲೆಕ್ಕ ಹಾಕುವ ಸುಲಭಸೂತ್ರವೆಂದರೆ, ಒಂದು ಮಿ.ಮೀ. ದಪ್ಪದ ಒಂದು ಚದರ ಮೀಟರ್ ಗಾಜಿಗೆ ಎರಡೂವರೆ ಕಿಲೋ. 75 ಸೆಂ.ಮೀ. ಅಗಲ, 2 ಮೀಟರ್ ಎತ್ತರದ ಬಾಗಿಲು 8 ಮಿ.ಮೀ. ಆದರೆ 30 ಕಿಲೋ, 10 ಮಿ.ಮೀ. ಆದರೆ ಮೂವತ್ತೇಳೂವರೆ ಕಿಲೋ. ದಪ್ಪ ಹೆಚ್ಚಿದಷ್ಟೂ ಕ್ಷೇಮ ಹೆಚ್ಚೆಂದು ತಿಳಿಯುವುದು ಸರಿಯಲ್ಲ; ಗಾಲಿಗಳ ಮೇಲೂ ವೃದ್ಧರ ಕೈಮೇಲೂ ಬೀಳುವ ಭಾರವೂ ಹೆಚ್ಚುತ್ತದೆ.

ಭಾರತೀಯ ಮಾನಕ ಸಂಸ್ಥೆಯು ಕಟ್ಟಡಗಳ ಸುರಕ್ಷಾ ಗಾಜಿಗೆ ಐ.ಎಸ್. 2553, ಭಾಗ 1 ಎಂಬ ಮಾನಕವನ್ನು ನಿಗದಿ ಮಾಡಿದೆ. ಗಾಜಿನ ಮೂಲೆಯಲ್ಲಿ ಅಳಿಸಲಾಗದಂತೆ ಮೂಡಿಸಿದ ಆ ಸಂಖ್ಯೆಯನ್ನೂ ಐ.ಎಸ್.ಐ. ಗುರುತನ್ನೂ ಕಣ್ಣಾರೆ ನೋಡಿಯೇ ಹಣ ಕೊಡಬೇಕು. ಅಂಟಿಸಿದ ಚೀಟಿ ಸಾಕ್ಷಿಯಾಗಲಾರದು.

ಗಾಲಿ, ಸರಳು, ಗೋಡೆ

ಸಮುದ್ರದ ಗಾಳಿಯಲ್ಲಿರುವ ಉಪ್ಪು ಲೋಹವನ್ನು ತಿನ್ನುತ್ತದೆ. ವರ್ಲಿ, ಬಾಂದ್ರಾ, ಜುಹು, ವರ್ಸೋವಾಗಳಲ್ಲಿ ವಾಸಿಸುವವರಿಗೆ ಇದನ್ನು ಹೇಳಬೇಕಾಗಿಲ್ಲ. ಕಿಟಕಿಯ ಸರಳುಗಳೇ ಹೇಳುತ್ತವೆ. ಸ್ಟೇನ್‌ಲೆಸ್ ಉಕ್ಕಿನಲ್ಲಿಯೂ ದರ್ಜೆಗಳುಂಟು. 304 ಎಂಬ ದರ್ಜೆ ಸಾಮಾನ್ಯ ಬಳಕೆಯದು. 316ರಲ್ಲಿ ನೂರಕ್ಕೆ ಎರಡು ಮೂರು ಪಾಲು ಮಾಲಿಬ್ಡಿನಮ್ ಸೇರಿರುವುದರಿಂದ ಉಪ್ಪಿನ ಗಾಳಿಯನ್ನು ಹೆಚ್ಚು ಕಾಲ ತಾಳುತ್ತದೆ. ಕೆಲವರು ಅಯಸ್ಕಾಂತ ಹಿಡಿದು ಪರೀಕ್ಷಿಸುತ್ತಾರೆ. ಅದರಿಂದ ಅಗ್ಗದ ಉಕ್ಕು ಕೆಲವೊಮ್ಮೆ ಸಿಕ್ಕಿಬಿದ್ದೀತು; ಆದರೆ 304, 316 ಎರಡೂ ಅಯಸ್ಕಾಂತಕ್ಕೆ ಬಹುಮಟ್ಟಿಗೆ ಅಂಟದಿರುವುದರಿಂದ ಒಂದನ್ನೊಂದು ಬೇರ್ಪಡಿಸಲು ಅದು ಸಹಾಯಕವಾಗದು. ಬಿಲ್ಲಿನ ಮೇಲೆ ದರ್ಜೆಯನ್ನು ಬರೆಸಿಕೊಳ್ಳುವುದೇ ಉಪಾಯ. ಹೊಳಪಿನ ಲೇಪ ಬಳಿದ ಸಾದಾ ಕಬ್ಬಿಣ ಒಂದೆರಡು ಮಳೆಗಾಲಗಳಲ್ಲಿ ಬಣ್ಣ ಬಯಲುಮಾಡುತ್ತದೆ.

ಗಾಲಿ ಸರಳಿನಿಂದ ಹಾರಿ ಬೀಳದಂತೆ ತಡೆ ಇದೆಯೇ, ಎರಡು ತುದಿಗಳಲ್ಲಿ ಬಾಗಿಲನ್ನು ನಿಲ್ಲಿಸುವ ರಬ್ಬರಿನ ಗೂಟಗಳಿವೆಯೇ, ಕೆಳಗೆ ಗಾಜು ತೂಗಾಡದಂತೆ ಹಿಡಿಯುವ ಮಾರ್ಗದರ್ಶಿ ತುಂಡು ಇದೆಯೇ ಎಂಬ ಮೂರನ್ನು ಪರೀಕ್ಷಿಸಬೇಕು. ಗಾಲಿಗಳು ಎಷ್ಟು ಕಿಲೋ ಹೊರಬಲ್ಲವೆಂಬುದನ್ನು ಗಾಜಿನ ತೂಕದೊಡನೆ ಹೋಲಿಸಬೇಕು.

ಗೋಡೆಯ ಗುಣವೂ ಮುಖ್ಯ. ಹಳೆಯ ಇಟ್ಟಿಗೆಯ ಗೋಡೆಗೂ, ಈಚಿನ ಕಟ್ಟಡಗಳ ಕಾಂಕ್ರೀಟು ಗೋಡೆಗೂ ಬೋಲ್ಟು ಚೆನ್ನಾಗಿ ಕಚ್ಚುತ್ತದೆ. ಆದರೆ ಇಲ್ಲಿನ ಗಾರೆಯವರು ಸಿಪೋರೆಕ್ಸ್ ಎಂದು ಕರೆಯುವ ಹಗುರವಾದ ಬಿಳಿ ಇಟ್ಟಿಗೆಯಲ್ಲಿ ಸಾಮಾನ್ಯ ಬೋಲ್ಟು ನಿಲ್ಲದು. ಅದಕ್ಕೆ ರಾಸಾಯನಿಕ ಅಂಟಿನಿಂದ ಕೂರಿಸುವ ಬೋಲ್ಟು ಬೇಕು. ಗೋಡೆಯೊಳಗೆ ಹೂತ ನೀರಿನ ಕೊಳವೆ, ಗೀಸರಿನ ತಂತಿಗಳು ಎಲ್ಲಿವೆ ಎಂಬುದನ್ನು ಟೈಲ್ಸು ಹಾಕುವ ಮುನ್ನವೇ ಚಿತ್ರ ತೆಗೆದಿಟ್ಟುಕೊಂಡರೆ ಕೊರೆಯುವಾಗ ಅನಾಹುತ ತಪ್ಪುತ್ತದೆ.

ಒಂದು ಮುಖ್ಯ ಎಚ್ಚರಿಕೆ: ಬಾಗಿಲಿನ ಹಿಡಿಯಾಗಲಿ ಟವೆಲ್ಲು ಹಾಕುವ ಸರಳಾಗಲಿ ದೇಹದ ಭಾರವನ್ನು ಹೊರುವಂತಹವಲ್ಲ. ಕಾಲು ಜಾರುವಾಗ ಕೈ ಸಿಕ್ಕಿದ್ದನ್ನು ಹಿಡಿಯುತ್ತದೆ. ಆ ಕೈಗೆ ಸಿಗುವಂತೆ, ಕನಿಷ್ಠ 110 ಕಿಲೋ ಭಾರ ತಾಳುವ ಹಿಡಿಸರಳನ್ನು ನೆಲದಿಂದ 75ರಿಂದ 90 ಸೆಂ.ಮೀ. ಎತ್ತರದಲ್ಲಿ ಗೋಡೆಗೇ ಬಿಗಿಸಬೇಕು. ಒಂದು ಒಳಗೆ, ಒಂದು ಒಳಹೋಗುವ ದಾರಿಯಲ್ಲಿ. ಜಾರುಬಾಗಿಲಿಗೆ ಒಳಗಿನಿಂದ ಚಿಲಕ ಬೇಡವೇ ಬೇಡ. ಬಚ್ಚಲಿನ ಹೊರಬಾಗಿಲಿಗೂ ಹೊರಗಿನಿಂದ ತೆರೆಯಬಲ್ಲ ಚಿಲಕವನ್ನೇ ಹಾಕಿಸುವುದು ಕ್ಷೇಮ.

ನೆಲ, ನೀರು, ಕೆಳಗಿನ ಮನೆ

ಚೌಕಟ್ಟಿಲ್ಲದ ಬಾಗಿಲು ನೀರನ್ನು ಪೂರ್ತಿ ತಡೆಯುವುದಿಲ್ಲ. ಅಂಚಿಗೆ ತೊಡಿಸಿದ ತೆಳು ಪ್ಲಾಸ್ಟಿಕ್ ಪಟ್ಟಿ ಚಿಮ್ಮುವ ನೀರನ್ನಷ್ಟೇ ತಡೆದೀತು. ನೀರನ್ನು ಹಿಡಿತದಲ್ಲಿಡಬೇಕಾದುದು ನೆಲದ ಇಳುಕಲು. ನೂರು ಸೆಂ.ಮೀ.ಗೆ ಒಂದರಿಂದ ಒಂದೂಕಾಲು ಸೆಂ.ಮೀ. ಇಳಿಯುವಂತೆ ನೆಲ ನಹಾಣಿ ಟ್ರ್ಯಾಪಿನ ಕಡೆಗೆ ವಾಲಿರಬೇಕು, ಮತ್ತು ಆ ಟ್ರ್ಯಾಪು ಗಾಜಿನ ಒಳಗಡೆಯೇ ಇರಬೇಕು. ಹೊರಗಡೆ ಇದ್ದರೆ ಗಾಜಿನ ತೆರೆಯಿಂದ ಪ್ರಯೋಜನವೇ ಇಲ್ಲ. ನೀರು ತಡೆಯಲೆಂದು ಎತ್ತರದ ಹೊಸ್ತಿಲು ಕಟ್ಟುವವರಿದ್ದಾರೆ. ಮುಗ್ಗರಿಸಿ ಬೀಳಲು ಇದಕ್ಕಿಂತ ಉತ್ತಮ ಸಾಧನ ಬೇರಿಲ್ಲ. ಹೊಸ್ತಿಲು ಒಂದೆರಡು ಸೆಂ.ಮೀ. ಮೀರದಿರಲಿ, ನೆಲಕ್ಕಿಂತ ಬೇರೆ ಬಣ್ಣದ್ದಾಗಿರಲಿ. ದೃಷ್ಟಿ ಮಂದವಾದವರಿಗೆ ಅದು ಎದ್ದು ಕಾಣಬೇಕು. ಅದೇ ಕಾರಣಕ್ಕೆ ಗಾಜಿನ ಮೇಲೂ ಕಣ್ಣಿನ ಮಟ್ಟದಲ್ಲಿ ಒಂದು ಮಬ್ಬು ಪಟ್ಟಿ ಇರುವುದು ಒಳ್ಳೆಯದು. ಗಾಜು ಮುಚ್ಚಿದೆಯೋ ತೆರೆದಿದೆಯೋ ತಿಳಿಯದೆ ಹಣೆ ಬಡಿದುಕೊಳ್ಳುವುದು ತಪ್ಪುತ್ತದೆ.

ಫ್ಲ್ಯಾಟಿನಲ್ಲಿ ನಮ್ಮ ನೆಲವೆಂದರೆ ಇನ್ನೊಬ್ಬರ ಮಾಳಿಗೆ. ಹೊಸ್ತಿಲು ಕೂರಿಸಲು, ಮಾರ್ಗದರ್ಶಿ ತುಂಡನ್ನು ಬಿಗಿಯಲು ನೆಲವನ್ನು ಕೊರೆದರೆ ಟೈಲ್ಸಿನ ಅಡಿಯ ಜಲರೋಧಕ ಪದರ ಹರಿದು ಕೆಳಗಿನ ಮನೆಯ ಛಾವಣಿ ಒದ್ದೆಯಾಗುತ್ತದೆ. ನೆರೆಹೊರೆಯವರ ಸ್ನೇಹ ಕೆಡಲು ಇಷ್ಟು ಸಾಕು. ಮಹಾರಾಷ್ಟ್ರದ ಸಹಕಾರಿ ಗೃಹನಿರ್ಮಾಣ ಸಂಘಗಳ ಮಾದರಿ ಉಪನಿಯಮಗಳಂತೆ ಮನೆಯೊಳಗಿನ ಸ್ನಾನಗೃಹದ ಸೋರಿಕೆಯನ್ನು ಸರಿಪಡಿಸುವ ಹೊಣೆ ಸಾಮಾನ್ಯವಾಗಿ ಆ ಮನೆಯ ಸದಸ್ಯನದೇ. ಆದಕಾರಣ ನೆಲದ ತುಂಡನ್ನು ಸಾಧ್ಯವಾದಷ್ಟು ಅಂಟಿನಿಂದಲೇ ಕೂರಿಸುವಂತೆ ಹೇಳಬೇಕು. ನೆಲವನ್ನು ಹೊಸದಾಗಿ ಮಾಡುವುದಾದರೆ ಟೈಲ್ಸಿಗೆ ಮುನ್ನ ನೀರು ತುಂಬಿ ಕನಿಷ್ಠ 24 ಗಂಟೆ ನಿಲ್ಲಿಸಿ, ಕೆಳಗಿನ ಮನೆಯವರನ್ನು ಕೇಳಿ, ಒದ್ದೆಯಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಕೆಲಸ ಆರಂಭಿಸುವ ಮೊದಲು ಸೊಸೈಟಿಯ ಕಾರ್ಯದರ್ಶಿಗೆ ಲಿಖಿತವಾಗಿ ತಿಳಿಸುವುದು ಕ್ರಮ.

ಗಾಳಿ ಮತ್ತು ಗ್ಯಾಸ್ ಗೀಸರ್

ಮುಂಬಯಿಯ ಮಳೆಗಾಲದಲ್ಲಿ 2,000 ಮಿ.ಮೀ.ಗಿಂತಲೂ ಹೆಚ್ಚು ಮಳೆ ಬೀಳುತ್ತದೆ. ನಾಲ್ಕು ತಿಂಗಳು ಗೋಡೆಗಳು ಒಣಗುವುದಿಲ್ಲ. ಗಾಜಿನ ಕೋಶದೊಳಗೆ ಆವಿ ನಿಂತರೆ ಮೂಲೆಗಳಲ್ಲಿ ಕಪ್ಪು ಬೂಷ್ಟು ಬೆಳೆಯುತ್ತದೆ. ಉಬ್ಬಸ, ನೆಗಡಿಯ ಒಲವುಳ್ಳವರಿಗೆ ಅದರ ಬೀಜಕಣಗಳು ಹಿತವಲ್ಲ. ಆದುದರಿಂದ ಗಾಜನ್ನು ಛಾವಣಿಯವರೆಗೆ ಒಯ್ಯಬಾರದು; 2 ಮೀಟರ್ ಎತ್ತರ ಸಾಕು, ಮೇಲೆ ಗಾಳಿಯಾಡಲಿ. ಸ್ನಾನದ ನಂತರ ಬಾಗಿಲನ್ನು ತೆರೆದಿಡಬೇಕು. ಹೊರದೂಡುವ ಫ್ಯಾನು ಇರಬೇಕು. ಕಟ್ಟಡ ಸಂಹಿತೆಯು ಬಚ್ಚಲಿಗೆ 0.37 ಚದರ ಮೀಟರಿನಷ್ಟು ಕಿಟಕಿಯನ್ನು ಹೇಳಿರುವುದು ಸುಮ್ಮನೆ ಅಲ್ಲ. ಅಂದಕ್ಕಾಗಿ ಅದನ್ನು ಮುಚ್ಚುವುದು ಸಲ್ಲದು.

ಇನ್ನೂ ಭಯಂಕರವಾದ ಸಂಗತಿ ಗ್ಯಾಸಿನಿಂದ ನೀರು ಕಾಯಿಸುವ ಗೀಸರಿನದು. ಅದು ಉರಿಯುವಾಗ ಕೋಣೆಯ ಆಮ್ಲಜನಕವನ್ನು ಬಳಸುತ್ತದೆ. ಗಾಳಿ ಸಾಲದಾದಾಗ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಕ್ಕಿ ಬಿಗಿಯಾಗಿ ಅದನ್ನು ಅಪ್ಪಿಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು; ಆಮೇಲೆ ಕಾಲಿನ ಬಲ ಹೋಗಿ, ಚಿಲಕ ತೆಗೆಯುವ ಶಕ್ತಿಯೂ ಉಳಿಯುವುದಿಲ್ಲ. ಮುಚ್ಚಿದ ಬಚ್ಚಲಿನಲ್ಲಿ ಹೀಗೆ ಪ್ರಾಣ ಹೋದ ಪ್ರಸಂಗಗಳು ನಮ್ಮ ದೇಶದ ನಗರಗಳಲ್ಲಿ ಮತ್ತೆ ಮತ್ತೆ ವರದಿಯಾಗಿವೆ. ಗ್ಯಾಸ್ ಗೀಸರಿರುವ ಬಚ್ಚಲಿಗೆ ಗಾಜಿನ ಕೋಶವನ್ನು ಸೇರಿಸುವ ಯೋಚನೆಯಿದ್ದರೆ ಮೊದಲು ಗೀಸರನ್ನು ಬಚ್ಚಲಿನಿಂದ ಹೊರಗೆ, ಗಾಳಿಯಾಡುವ ಸ್ಥಳಕ್ಕೆ ಒಯ್ಯಿರಿ. ಆಮೇಲೆ ಗಾಜಿನ ಮಾತು.

ಶುಚಿತ್ವ

ತಾನ್ಸಾ, ಭಾತ್ಸಾ, ವೈತರಣಾ ಮೊದಲಾದ ಜಲಾಶಯಗಳಿಂದ ಬರುವ ಮುಂಬಯಿ ಪಾಲಿಕೆಯ ನೀರು ಮೆದುವಾದುದು. ಗಾಜಿನ ಮೇಲೆ ಹೆಚ್ಚು ಕಲೆ ಬಿಡುವುದಿಲ್ಲ. ಉಪನಗರಗಳಲ್ಲಿ ಕೊಳವೆಬಾವಿಯ ಅಥವಾ ಟ್ಯಾಂಕರಿನ ಗಡಸು ನೀರನ್ನು ಬಳಸುವವರ ಗಾಜು ಮಾತ್ರ ಬೇಗನೆ ಬಿಳಿಯ ಪೊರೆ ಹೊತ್ತುಕೊಳ್ಳುತ್ತದೆ. ಸ್ನಾನ ಮುಗಿದೊಡನೆ ರಬ್ಬರಿನ ವೈಪರಿನಿಂದ ಮೇಲಿನಿಂದ ಕೆಳಕ್ಕೆ ಒಮ್ಮೆ ಎಳೆದರೆ ಅರ್ಧ ಕೆಲಸ ಮುಗಿಯಿತು. ವಾರಕ್ಕೊಮ್ಮೆ ನೀರು ಬೆರೆಸಿದ ವಿನೆಗರಿನಿಂದ ಒರೆಸಬಹುದು. ಆದರೆ ಅಮೃತಶಿಲೆಯ ನೆಲಕ್ಕೆ ವಿನೆಗರ್ ತಾಗದಿರಲಿ. ಹುಳಿಯು ಕಲ್ಲನ್ನು ತಿನ್ನುತ್ತದೆ. ತಂತಿಯ ಜುಂಗು, ಮರಳುಪುಡಿಗಳನ್ನು ಗಾಜಿಗೆ ಮುಟ್ಟಿಸಕೂಡದು.

ಶೌಚ ತೊಳೆಯುವ ಆಸಿಡ್ಡನ್ನೂ ಬ್ಲೀಚಿಂಗ್ ಪುಡಿಯನ್ನೂ ಒಟ್ಟಿಗೆ ಬಳಸುವ ಅಭ್ಯಾಸ ಕೆಲವು ಮನೆಗಳಲ್ಲಿದೆ. ಇವೆರಡೂ ಸೇರಿದರೆ ಕ್ಲೋರಿನ್ ಅನಿಲ ಹುಟ್ಟುತ್ತದೆ. ಗಾಜಿನ ಕೋಶದೊಳಗೆ ಬಗ್ಗಿ ಉಜ್ಜುವವರ ಶ್ವಾಸಕೋಶಕ್ಕೆ ಅದು ನೇರವಾಗಿ ಇಳಿಯುತ್ತದೆ. ಮನೆಗೆಲಸದ ಬಾಯಿಗೂ ಇದನ್ನು ತಿಳಿಸಿ ಹೇಳುವುದು ಯಜಮಾನಿಯ ಕರ್ತವ್ಯ.

ಅವಘಡವಾದರೆ

ಗಾಜು ಒಡೆದಾಗ ಮೊದಲ ನಿಯಮ: ಒಳಗಿರುವವರು ಕದಲಬಾರದು. ಹೊರಗಿನವರು ಚಪ್ಪಲಿ ಮೆಟ್ಟಿ, ದಪ್ಪ ಟವೆಲ್ಲುಗಳನ್ನು ಹಾಸಿ ದಾರಿ ಮಾಡಿ ಅವರನ್ನು ಕರೆತರಬೇಕು. ರಕ್ತ ಸೋರುವ ಗಾಯವನ್ನು ಶುಚಿಯಾದ ಬಟ್ಟೆಯಿಂದ ಬಿಡದೆ ಒತ್ತಿ ಹಿಡಿಯಬೇಕು. ಆಳವಾಗಿ ನಾಟಿದ ತುಣುಕನ್ನು ಕೀಳಬಾರದು. ಅದರ ಸುತ್ತ ಒತ್ತಿ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಧನುರ್ವಾತದ ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಬೇಕು.

ಯಾರಾದರೂ ಜಾರಿ ಬಿದ್ದಿದ್ದರೆ ಆತುರದಿಂದ ಎಳೆದೆತ್ತಬಾರದು. ಮೊದಲು ನೀರನ್ನು ನಿಲ್ಲಿಸಿ, ಮೈಮೇಲೆ ಒಣಬಟ್ಟೆ ಹೊದಿಸಿ, ಮಾತಾಡಿಸಿ. ತೊಡೆಯ ಬುಡದಲ್ಲಿ ನೋವು, ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿರುವುದು, ಕುತ್ತಿಗೆಯ ನೋವು, ಪ್ರಜ್ಞೆ ಮಸುಕಾಗುವುದು ಇವುಗಳಲ್ಲಿ ಒಂದಿದ್ದರೂ ಕದಲಿಸದೆ 108ಕ್ಕೆ ದೂರವಾಣಿ ಮಾಡಿ ಆಂಬುಲೆನ್ಸ್ ಕರೆಸಬೇಕು.

ಕೊಳ್ಳುವ ಮುನ್ನ

ಕಡೆಯಲ್ಲಿ, ಅಂಗಡಿಗೆ ಹೋಗುವ ಮುನ್ನ ಮನೆಯವರೆಲ್ಲ ಕುಳಿತು ಈ ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳಲಿ.

1. ಬಾಗಿಲು ತೆರೆದಾಗ ಉಳಿಯುವ ದಾರಿ ಎಷ್ಟು ಸೆಂ.ಮೀ.? ಇಬ್ಬರು ಸೇರಿ ಒಬ್ಬರನ್ನು ಹೊರತರಲು ಅದು ಸಾಕೇ?
2. ಕಾಲು ಜಾರದ ನೆಲ, ಗೋಡೆಯ ಹಿಡಿಸರಳು ಸಿದ್ಧವಾಗಿವೆಯೇ?
3. ನಹಾಣಿ ಟ್ರ್ಯಾಪು ಗಾಜಿನ ಒಳಗಿದೆಯೇ? ಇಳುಕಲು ಸರಿಯಿದೆಯೇ?
4. ಗಾಜಿನ ಮೂಲೆಯಲ್ಲಿ ಐ.ಎಸ್. 2553ರ ಗುರುತಿದೆಯೇ? ರಕ್ಷಣಾ ಹಾಳೆ ಹಾಕಿಸುವೆವೇ?
5. ಉಕ್ಕಿನ ದರ್ಜೆಯನ್ನೂ ಗಾಲಿಯ ಭಾರಶಕ್ತಿಯನ್ನೂ ಬಿಲ್ಲಿನಲ್ಲಿ ಬರೆಸಿಕೊಂಡೆವೇ?
6. ಗೋಡೆ ಯಾವುದರಿಂದ ಕಟ್ಟಿದ್ದು? ಅದಕ್ಕೆ ತಕ್ಕ ಬೋಲ್ಟು ಬಳಸುತ್ತಾರೆಯೇ?
7. ಕಿಟಕಿ ತೆರೆದಿದೆಯೇ? ಗೀಸರು ಗ್ಯಾಸಿನದಾದರೆ ಹೊರಗಿದೆಯೇ?
8. ಸವೆದ ಗಾಲಿ, ಪ್ಲಾಸ್ಟಿಕ್ ಪಟ್ಟಿಗಳನ್ನು ಐದು ವರ್ಷಗಳ ನಂತರ ಕೊಡಬಲ್ಲ ಅಂಗಡಿಯೇ?

ಮೊದಲ ಪ್ರಶ್ನೆಗೆ 'ಇಲ್ಲ' ಎಂಬ ಉತ್ತರ ಬಂದರೆ ಉಳಿದವನ್ನು ಓದುವ ಅಗತ್ಯವಿಲ್ಲ; ಪರದೆಯೋ ಒಂಟಿ ಗಾಜೋ ಆ ಮನೆಗೆ ತಕ್ಕುದು. 'ಹೌದು' ಎಂದಾದರೆ, ಅಳತೆ ಅರಿತು ಕೂರಿಸಿದ ಜಾರುಬಾಗಿಲು ಇಕ್ಕಟ್ಟಿನ ಈ ನಗರದ ಬಚ್ಚಲಿಗೆ ನಿಜವಾಗಿಯೂ ಉಪಕಾರಿ. ಊರಿನಲ್ಲಿ ಒಂಟಿಯಾದ ತಂದೆತಾಯಿಯರನ್ನು ನಮ್ಮಲ್ಲಿ ಅನೇಕರು ಮುಂಬಯಿಗೆ ಕರೆತಂದು ಇರಿಸಿಕೊಂಡಿದ್ದೇವೆ. ಅಂಗಳ, ಬಾವಿಕಟ್ಟೆಗಳ ವಿಸ್ತಾರದಲ್ಲಿ ಬಾಳಿದ ಅವರು ಇಲ್ಲಿ ದಿನಕ್ಕೆ ನಾಲ್ಕಾರು ಸಲ ಹೊಕ್ಕು ಹೊರಡುವುದು ಈ ಪುಟ್ಟ ಬಚ್ಚಲನ್ನೇ. ಅದರ ಬಾಗಿಲು ಅವರ ಕೈಗೆ ಹಗುರವಾಗಿ, ಅವರ ಕಾಲಿಗೆ ತೊಡಕಾಗದೆ, ಕರೆದಾಗ ಹೊರಗಿನಿಂದ ತೆರೆಯುವಂತೆ ಇರಲಿ.